ಗಲ್ಲದಾಗಿನ ತುತ್ತು

ಸತ್ತವರ ಮನೆಯ ಮಾತನ್ನು ಹೊರಗೆ ತಂದು ಹೇಳುವುದು ಸರಿಯಲ್ಲ ಎಂಬುದು ಗೊತ್ತಿದೆ. ಅದರಲ್ಲೂ ಹಗಲೆಲ್ಲ ದುಡಿದು, ಸಂಜೆ ಹೊತ್ತಿನಲ್ಲಿ ತೂಕಡಿಸುತ್ತ ನಾಲ್ಕಕ್ಷರ ಕಲಿತವರು ಹೇಳಹೊರಟರೆ ಹೆಚ್ಚುಕಡಿಮೆ ಆಗುವುದೇ ಜಾಸ್ತಿ. ಆದರೂ ಹೇಳದೆ ಇರಲಾಗಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

"ತಲಿ ಹಿಡಿ, ಫಿರದೋಸ. ಗಟ್ಟಿ ಹಿಡಿ. ಬಿಟ್ಟಿ ಅಂದ್ರ ಮತ್ತ ಮುಂದ ಬಾಗತೈತಿ."

ಕೆಂಪವ್ವ ಹಾಗೆ ಹೇಳುವಾಗ ಫಿರದೋಸ್ ಮಂಡಿಯೂರಿ, ಎರಡೂ ಅಂಗೈಗಳಲ್ಲಿ ಸೋಮವ್ವನ ಗಲ್ಲಗಳನ್ನು ಹಿಡಿದಿದ್ದಳು. ಗೆಳತಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿದ್ದರು. ಸೋಮವ್ವನ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಳಿತೇ ಮಣ್ಣಿಗೆ ಹೋಗುತ್ತಾರೆ. ಗಂಡ ಶಂಕ್ರೆಪ್ಪ ಹೆಂಡತಿಯ ಹಣೆಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಗೋಡೆಯ ಗೂಟಕ್ಕೆ ಬಿಗಿಯಲು ನೋಡುತ್ತಿದ್ದ. ಬಸ್ ಡಿಪೋದಲ್ಲಿ ಎಂತೆಂಥ ಬೋಲ್ಟುಗಳನ್ನು ತಿರುವಿದ ಕೈ ಈ ಒಂದು ಗಂಟಿಗೆ ಬರುತ್ತಿರಲಿಲ್ಲ.

"ಕೊಡ್ರಿ ಅಣ್ಣಾರ, ನಾ ಕಟ್ಟತೇನಿ," ಎಂದಳು ಫಿರದೋಸ್. ಅವಳು ಹೊಲಿಗೆಯವಳು. ಒಂದೇ ಎಳೆತಕ್ಕೆ ಗಂಟು ಬಿತ್ತು.

ಸೋಮವ್ವ ನೆಟ್ಟಗೆ ಕುಳಿತಳು. ಕಾಮಣಿ ಏರಿ ಮುಖವೆಲ್ಲ ಹಳದಿಯಾಗಿತ್ತು, ಅದರ ಮೇಲೆ ಈಬತ್ತಿಯ ಮೂರು ಗೆರೆ. ಅಂಗನವಾಡಿಯಲ್ಲಿ ಮಕ್ಕಳ ಎದುರು ಕುಳಿತಾಗಲೂ ಅವಳು ಹೀಗೆಯೇ ಇರುತ್ತಿದ್ದಳು, ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ. ವಯಸ್ಸು ನಲವತ್ತು ದಾಟಿತ್ತಷ್ಟೆ.

"ನನ್ನ ತಂಗಿ ಸತ್ತ ಮ್ಯಾಲೆ ಈಕೀನ್ನ ಸಾಲಹಳ್ಳಿಯಾಗ ನಾನ ಸಾಕೀದೆ," ಎಂದು ಕೆಂಪವ್ವ ಯಾರಿಗೆಂದಿಲ್ಲದೆ ಹೇಳಿದರು. "ನನ್ನ ಕೂಡ್ಸಿ ಕಟ್ಟಬೇಕಾದಾಕಿನ್ನ ನಾ ಕಟ್ಟಾಕ ಹತ್ತೇನಿ ನೋಡ್ರಿ."

ಬಾಜೂ ಮನೆಯ ಬಾಯವ್ವ ಮೂಗು ಒರೆಸಿಕೊಂಡಳು. "ನಮ್ಮ ಓಣ್ಯಾಗಿನ ಹುಡುಗೂರು ಎಲ್ಲಾ ಆಕೀ ಕೈಯಾಗ ಉಪ್ಪಿಟ್ಟ ತಿಂದ ಬೆಳದಾವ್ರಿ. ಛಲೋ ಟೀಚರಬಾಯಿ. ಸೂಪರವೈಜರ ಆಗಬೇಕಾಗಿತ್ತು."

"ಹೆಂಗ ಆಗ್ತಾಳ?" ಎಂದ ಶಂಕ್ರೆಪ್ಪ, ಕಣ್ಣು ಕೆಳಗೆ ಹಾಕಿ. "ಬಿ.ಎ. ಮುಗಸಿದ್ರ ಆಗತಿದ್ಳು. ಕಾಪಿ ಹೊಡದ ಸಿಕ್ಕಬಿದ್ಳು. ಹೋಗಲಿ ಬಿಡ್ರಿ, ಹೋದಾಕಿ ಮ್ಯಾಲೆ ಇನ್ನ ಯಾಕ ಮಾತು."

ಫಿರದೋಸಳ ಕೈ ಗಂಟಿನ ಮೇಲೆಯೇ ನಿಂತಿತು. ಹತ್ತು ವರ್ಷಗಳಿಂದ ಈ ಮನೆಗೆ ಬಂದವರ ಮುಂದೆಲ್ಲ ಅವನು ನಗುತ್ತಲೇ ಹೇಳುತ್ತ ಬಂದ ಮಾತು ಇದು. "ನಮ್ಮನಿಯಾಕಿ ಕಾಪಿ ಪಂಡಿತಳು" ಎನ್ನುತ್ತಿದ್ದ. ಸೋಮವ್ವನೂ ಚಹಾದ ಕಪ್ಪು ಇಡುತ್ತ ನಗುತ್ತಿದ್ದಳು. ಇವತ್ತು ಅವನು ನಗಲಿಲ್ಲ, ಆದರೆ ನಂಬಿಕೆ ಮಾತ್ರ ಹಾಗೆಯೇ ಇತ್ತು. ಕುಳಿತ ಹೆಣದ ಎದುರೂ ಇತ್ತು.

ಬಾಗಿಲ ಹಿಂದೆ ಫಿರದೋಸಳ ಚೀಲ ತೂಗುಬಿದ್ದಿತ್ತು. ಅದರೊಳಗೆ ಕಾಲೇಜಿನ ಹಳೆಯ ಗೈಡು. ಬೆಳಗಾಗುತ್ತಲೇ ಅವಳು ಬಸ್ ಸ್ಟ್ಯಾಂಡಿನ ಬೂತಿನಿಂದ ಕಿತ್ತೂರಿಗೆ ಫೋನು ಮಾಡಿದ್ದಳು.

"ಸರ್, ನಿಮ್ಮ ಹಳೆ ವಿದ್ಯಾರ್ಥಿನಿ ಒಬ್ಬಾಕಿ ತೀರಕೊಂಡಾಳ್ರಿ. ಬೈಲಹೊಂಗಲದಾಗ. ನೀವು ಬಂದು ಎರಡ ಮಾತ ಹೇಳಿದ್ರ ಮಂದಿಗೆ ಸಮಾಧಾನ."

ಬಸಲಿಂಗಪ್ಪ ಸರ್ ಸತ್ತವಳ ಹೆಸರು ಕೇಳಲಿಲ್ಲ. "ಮಂದಿ ಭಾಳ ಇರತಾರೇನು?" ಎಂದು ಕೇಳಿದರು. ಆಮೇಲೆ, "ಮೈಕ್ ಇರತೈತೇನು?"

"ಮಂದಿ ಇರತಾರ್ರಿ ಸರ್," ಎಂದಿದ್ದಳು ಫಿರದೋಸ್. ಅವಳಿಗೆ ಬೇಕಾಗಿದ್ದೂ ಅಷ್ಟೇ. ಮಂದಿ ಇರಬೇಕು. ಶಂಕ್ರೆಪ್ಪ ಇರಬೇಕು. ಸೋಮವ್ವನ ಮೇಲೆ ಮಣ್ಣು ಬೀಳುವ ಮೊದಲು ಸರ್ ಎನಿಸಿಕೊಂಡ ಆ ಮನುಷ್ಯ ತನ್ನ ಬಾಯಿಂದಲೇ ಹೇಳಬೇಕು.

*

ಅದು ತೊಂಬತ್ತಾರನೆಯ ಇಸವಿ. ಅಂಗನವಾಡಿ ಮುಗಿಸಿ ಸೋಮವ್ವ, ಹೊಲಿಗೆ ಮಶೀನು ಮುಚ್ಚಿ ಫಿರದೋಸ್, ಇಬ್ಬರೂ ಸಂಜೆ ಕಾಲೇಜಿಗೆ ಹೋಗುತ್ತಿದ್ದರು. ಒಂದೇ ಬೆಂಚು. ಸೋಮವ್ವನಿಗೆ ಡಿಗ್ರಿ ಆದರೆ ಸೂಪರ್‌ವೈಸರ್ ಆಗುವ ಆಸೆ. ಫಿರದೋಸಳಿಗೆ ಆಸೆ ಏನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೆಳತಿ ಹೋಗುತ್ತಾಳೆ ಎಂದು ಹೋಗುತ್ತಿದ್ದಳು.

ಬಸಲಿಂಗಪ್ಪ ಸರ್ ಇಂಗ್ಲಿಷ್ ಕಲಿಸುತ್ತಿದ್ದರು. ಚೆನ್ನಾಗಿಯೇ ಕಲಿಸುತ್ತಿದ್ದರು ಎಂಬುದನ್ನೂ ಹೇಳಬೇಕು. ಬಲಗಲ್ಲದಲ್ಲಿ ಸದಾ ಎಲಿ ಅಡಿಕಿ. ಪಾಠಕ್ಕೆ ಮೊದಲು ಕಿಟಕಿಯಾಚೆ ಉಗುಳಿ ಬಂದು ನಿಂತರೆ ದನಿ ಹಿಂದಿನ ಬೆಂಚಿನವರೆಗೆ ಕೇಳುತ್ತಿತ್ತು. ಆ ವರ್ಷ ಅಮೆರಿಕದ ಒಂದು ಹಳೆಯ ಕಾದಂಬರಿ ಇತ್ತು. ಒಂದು ಊರಿನವರು ಒಬ್ಬ ಹೆಂಗಸನ್ನು ತಪ್ಪು ಮಾಡಿದಳೆಂದು ಮಂದಿಯ ಮುಂದೆ ನಿಲ್ಲಿಸುತ್ತಾರೆ. ಆ ತಪ್ಪಿನಲ್ಲಿ ಪಾಲಿದ್ದ ಗಂಡಸು ಊರಿಗೇ ದೊಡ್ಡವನು, ಅಲ್ಲೇ ನಿಂತಿದ್ದಾನೆ, ಬಾಯಿ ಬಿಡುವುದಿಲ್ಲ.

"ಓದಿದ ಹಂಗ ಒಂದ ವಹಿಯೊಳಗ ಬರಕೋತ ಹೋಗ್ರಿ," ಎಂದರು ಸರ್. "ಗೈಡ್ ನೋಡಬ್ಯಾಡ್ರಿ. ಇಂಗ್ಲಿಷ್ ಬರದಿದ್ರ ಕನ್ನಡದಾಗ ಬರೀರಿ. ನಿಮಗ ಏನ ಅನಸ್ತದ ಅದು. ಅದಕ್ಕೂ ಮಾರ್ಕ್ಸ್ ಅದಾವು."

ಉಳಿದವರು ಬಣ್ಣದ ಪೆನ್ನಿನಲ್ಲಿ ಪಾತ್ರಗಳ ಹೆಸರು ಬರೆದು ಅಡಿಗೆರೆ ಹಾಕಿದರು. ಫಿರದೋಸ್ ಸಾರಾಂಶ ಬರೆದಳು. ಸೋಮವ್ವ ಜಗಳ ಬರೆದಳು. ಆ ಅಮೆರಿಕದ ಊರು ಬೈಲಹೊಂಗಲದ ಆಚೆ ಓಣಿಯೇನೋ ಎಂಬಂತೆ, ಅವಳಿಗೆ ಒಬ್ಬೊಬ್ಬರ ಮೇಲೂ ಸಿಟ್ಟು.

"ನೋಡಿಲ್ಲೆ, ಹೆಂಗ ಬರದೇನಿ," ಎಂದು ಅವಳು ಒಂದು ಸಂಜೆ ಬೆಂಚಿನ ಮೇಲೆ ವಹಿ ಸರಿಸಿದಳು. "ಈ ಗಂಡಸು ನನ್ನ ಅಂಗನವಾಡ್ಯಾಗಿನ ಹುಡುಗನ ಹಂಗ. ಬಾಜೂದಾವನ ಪಾಟಿ ಒಡಿತಾನ. ಅಂವ ಅಳಾಕ ಹತ್ತಿದಾಗ ಈಂವ ಉಪ್ಪಿಟ್ಟ ತಿನಕೋತ ಕುಂತಿರತಾನ. ತುತ್ತ ಮಾತ್ರ ಒಳಗ ಇಳಿಯೂದಿಲ್ಲ. ಗಲ್ಲದಾಗ ಇಟಗೊಂಡಿರತಾನ."

"ಅದಕ್ಕ ನೀ ಎಲ್ಲಾ ಹುಡುಗೂರಿಗೆ ಗಲ್ಲ ತೋರಸು ಅಂತಿ?"

"ಮತ್ತ? ಕೇಳಿದ್ರ ಯಾಂವ ಖರೇ ಹೇಳ್ತಾನ? ಗಲ್ಲ ನೋಡಿದ್ರ ತಿಳೀತೈತಿ."

ಇಬ್ಬರೂ ನಕ್ಕಿದ್ದಕ್ಕೆ ಸರ್ ಅವರನ್ನು ಎಬ್ಬಿಸಿ ನಿಲ್ಲಿಸಿದರು.

*

ಬಸಲಿಂಗಪ್ಪ ಸರ್ ಮಧ್ಯಾಹ್ನದ ಕಿತ್ತೂರು ಬಸ್ಸಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಗುಲಾಬಿ ಹಾರ, ಗಲ್ಲದಲ್ಲಿ ಎಲಿ ಅಡಿಕಿ. ನಿವೃತ್ತರಾದರೂ ನಡಿಗೆ ಕುಂದಿರಲಿಲ್ಲ. ಓಣಿಯವರು ಎದ್ದು ಕುರ್ಚಿ ಕೊಟ್ಟರು. ಗೈಡು ಬರೆದ ಸರ್ ಎಂದರೆ ಈ ಕಡೆ ಕಾಲೇಜು ಕಲಿತ ಎಲ್ಲರಿಗೂ ಗೊತ್ತು.

"ಬರ್ರಿ ಸರ್, ಕುಂದರ್ರಿ. ನಿಮ್ಮ ಗೈಡ್ ಓದೇ ನಮ್ಮ ಮಗಳು ಪಾಸಾತ್ರಿ," ಎಂದಳು ಬಾಯವ್ವ.

ಸರ್ ತಲೆಯಾಡಿಸಿದರು. ಮೂಲೆಗೆ ಹೋಗಿ ಎಲಿ ಅಡಿಕಿ ಉಗುಳಿ ಬಂದು ಸೋಮವ್ವನಿಗೆ ಹಾರ ಹಾಕಿದರು, ಕೈ ಮುಗಿದರು, ಮುಖ ನೋಡಿದರು. ಫಿರದೋಸ್ ಅವರ ಮುಖವನ್ನೇ ನೋಡಿದಳು. ಅಲ್ಲಿ ಏನೂ ಕದಲಲಿಲ್ಲ. ಅವರು ಹಿಂದಕ್ಕೆ ಸರಿದು, ಫಿರದೋಸಳ ಕಡೆ ಬಾಗಿ ಮೆಲ್ಲಗೆ ಕೇಳಿದರು, "ಈಕೀ ಹೆಸರೇನವ್ವ?"

ಬೆಳಗಿನಿಂದ ಫಿರದೋಸಳಿಗೆ ಒಂದು ಅನುಮಾನ ಇತ್ತು. ವಯಸ್ಸಾದವರು, ಸಾವಿನ ಮನೆ, ನಾನು ಬೇರೆ ಜಾತಿಯವಳು, ಇದು ಬೇಕೋ ಬೇಡವೋ ಎಂದು. ಆ ಪ್ರಶ್ನೆ ಕೇಳಿದ ಮೇಲೆ ಅನುಮಾನ ಹೋಯಿತು.

"ಸೋಮವ್ವ ಅಂತ್ರಿ ಸರ್," ಎಂದಳು. "ಮಾತಾಡಬೇಕಾದ್ರ ಹೆಸರು ಬೇಕಾಗತೈತಿ. ನೆನಪಿಟಗೋರಿ."

*

ಆ ವರ್ಷದ ನಡುವೆ ಸರ್ ಎಲ್ಲರ ವಹಿಗಳನ್ನೂ ಮನೆಗೆ ಒಯ್ದಿದ್ದರು. ಎರಡು ತಿಂಗಳ ಮೇಲೆ ಎಲ್ಲರವೂ ತಿರುಗಿ ಬಂದವು, ಸೋಮವ್ವನದು ಬರಲಿಲ್ಲ.

"ಎಲ್ಲಿ ಹೋತೋ ಏನೋ," ಎಂದರು ಸರ್. "ಇನ್ನೊಮ್ಮೆ ಬರಕೊಂಡ ಬಾ. ನಿನಗ ಎಲ್ಲಾ ನೆನಪಿರತೈತಿ."

ನೆನಪಿತ್ತು. ಅಂಗನವಾಡಿಯ ಮಕ್ಕಳು ಮಲಗಿದ ಹೊತ್ತಿನಲ್ಲಿ ಕುಳಿತು ಅವಳು ಎಲ್ಲವನ್ನೂ ಮತ್ತೆ ಬರೆದಳು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಸರ್ ಬರೆದ ಹೊಸ ಗೈಡು ನೇತಾಡತೊಡಗಿತ್ತು. ರಟ್ಟಿನ ಮೇಲೆ ಅವರ ಫೋಟೋ, ಒಳಗೆ ಕನ್ನಡದಲ್ಲಿ ವಿವರಣೆ. ಸೋಮವ್ವ ಅದನ್ನು ನೋಡಿರಲೇ ಇಲ್ಲ. ಪ್ರಿನ್ಸಿಪಾಲರು ನೋಡಿದ್ದರು. ಅವಳನ್ನು ಕೋಣೆಗೆ ಕರೆಸಿ, ಒಂದು ಕೈಯಲ್ಲಿ ಗೈಡು, ಇನ್ನೊಂದು ಕೈಯಲ್ಲಿ ಅವಳ ವಹಿ ಹಿಡಿದು, ಸಾಲಿಗೆ ಸಾಲು ಓದಿ ತೋರಿಸಿದರು.

"ನಾಚಿಕಿ ಬರೂದಿಲ್ಲೇನ? ನೀನೂ ಒಬ್ಬಾಕಿ ಮಕ್ಕಳಿಗೆ ಕಲಸಾಕಿ."

ಸೋಮವ್ವ ಬಾಜೂ ಕುರ್ಚಿಯ ಕಡೆ ನೋಡಿದಳು. ಬಸಲಿಂಗಪ್ಪ ಸರ್ ಅಲ್ಲೇ ಕುಳಿತಿದ್ದರು. ಬಲಗಲ್ಲ ಉಬ್ಬಿತ್ತು. ಬಾಯಿಯಲ್ಲಿ ಎಲಿ ಅಡಿಕಿ ಇದ್ದವರು ಮಾತಾಡುವುದು ಹೇಗೆ? ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಪರೀಕ್ಷೆಯ ಹಾಲ್ ಟಿಕೆಟು ಅವಳಿಗೆ ಸಿಗಲಿಲ್ಲ. ಆ ವರ್ಷ ಇಡೀ ಕ್ಲಾಸು ಆ ಗೈಡನ್ನು ಬಾಯಿಪಾಠ ಮಾಡಿ ಪಾಸಾಯಿತು. ಫಿರದೋಸಳೂ ಪಾಸಾದಳು. ಮನೆಯಲ್ಲಿ ಸೋಮವ್ವ ಗಂಡನಿಗೆ ನಡೆದದ್ದನ್ನು ನಡೆದಂತೆ ಹೇಳಿದಳು. ಶಂಕ್ರೆಪ್ಪ ಕೆಟ್ಟವನಲ್ಲ. ಆದರೂ ಅವನು ಕೇಳಿದ್ದು ಒಂದೇ ಮಾತು: "ಅಂಥಾ ಪ್ರೊಫೆಸರು ನಿನ್ನ ವಹಿ ನೋಡಿ ಯಾಕ ಬರೀತಾನ ಬೇ?"

ಮುಂದೆ ಅವಳು ಕಾಲೇಜಿನ ದಾರಿಯನ್ನೇ ಬಿಟ್ಟಳು. ಪೇಟೆಗೆ ಹೋಗಬೇಕಾದರೂ ಸುತ್ತು ಹಾಕಿ ಹೋಗುತ್ತಿದ್ದಳು.

"ನಡಿ, ಕಾಲೇಜಿನ ಮುಂದ ನಿಂತ ಒದರೂಣು," ಎಂದು ಫಿರದೋಸ್ ಎಷ್ಟೋ ಸಲ ಹೇಳಿದ್ದಳು. "ಅವರ ಮನಿಗೆ ಹೋಗೂಣು. ಕಾಲರ್ ಹಿಡದ ಕೇಳತೇನಿ ನಾ."

"ಬ್ಯಾಡ. ಮತ್ತ ಎಲ್ಲಾರೂ ಕೂಡಿ ಕಾಪಿ ಅಂತಾರ. ಎರಡನೇ ಸಲ ಅನಿಸಿಕೊಳ್ಳಾಕ ನನ್ನ ಕಡಿಂದ ಆಗೂದಿಲ್ಲ." ಸೋಮವ್ವ ಅಕ್ಕಿಯಲ್ಲಿ ಹರಳು ಹುಡುಕುತ್ತಿದ್ದಳು, ತಲೆ ಎತ್ತಲಿಲ್ಲ. "ನಾ ಇರೂತನಕ ನೀ ಬಾಯಿ ಬಿಡಬ್ಯಾಡ, ಫಿರದೋಸ. ಆಣಿ ಐತಿ."

*

ಬಾಳೆಕಂಬ, ಚೆಂಡುಹೂ ಕಟ್ಟಿದ ವಿಮಾನವೆಂಬ ಚಟ್ಟದಲ್ಲಿ ಸೋಮವ್ವನನ್ನು ಕೂರಿಸಿ ಎತ್ತಿದಾಗ ಫಿರದೋಸ್ ಬಾಗಿಲಲ್ಲೇ ನಿಂತಳು. ಅವಳ ಜನರಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಅಪ್ಪ ಹಜರತಸಾಬರು ತೀರಿಕೊಂಡಾಗಲೂ ಅವಳು ಹೊಸ್ತಿಲವರೆಗೆ ಮಾತ್ರ ಹೋಗಿದ್ದಳು.

"ಯಾಕ ನಿಂತಿ?" ಎಂದರು ಕೆಂಪವ್ವ. "ನಮ್ಮಲ್ಲಿ ಹೆಣಮಕ್ಕಳೂ ಬರತೇವಿ. ನಡಿ, ನೀ ಕಟ್ಟಿದ ಗಂಟು ಬಿಚ್ಚೀತು."

ಭಜನೆಯ ತಾಳದ ಹಿಂದೆ ಅವಳೂ ನಡೆದಳು. ಚೀಲ ಹೆಗಲಲ್ಲಿತ್ತು.

ಊರ ಹೊರಗಿನ ಜಾಗದಲ್ಲಿ ಕುಣಿ ತಯಾರಿತ್ತು. ಶಂಕ್ರೆಪ್ಪ ಒಳಗೆ ಇಳಿದು ಹೆಂಡತಿಯನ್ನು ಗೂಡಿನಲ್ಲಿ ಕೂರಿಸಿದ. ಅಯ್ಯನವರು ಮಂತ್ರ ಹೇಳಿ ಪತ್ರಿ ಇಟ್ಟರು. ಉಪ್ಪಿನ ಚೀಲ ಬಿಚ್ಚುವ ಮೊದಲು ಬಸಲಿಂಗಪ್ಪ ಸರ್ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು. ಮೈಕ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಶ್ರೀಮತಿ ಸೋಮವ್ವನವರು ನಮ್ಮ ಕಾಲೇಜಿನ ಹೆಮ್ಮೆಯ ವಿದ್ಯಾರ್ಥಿನಿ. ದೀಪದಂತೆ ತಾವು ಉರಿದು ಮಕ್ಕಳ ಬಾಳಿಗೆ ಬೆಳಕಾದವರು..."

ಎಲ್ಲ ಸಾವುಗಳಿಗೂ ಹೊಂದುವ ಮಾತು. ಮಂದಿ ತಲೆದೂಗಿದರು. ಮುಗಿಯುತ್ತಲೇ ಫಿರದೋಸ್ ಗೈಡು ಹೊರಗೆ ತೆಗೆದಳು. ಗುರುತಿಟ್ಟ ಪುಟ ತೆರೆದು ಸರ್‌ರ ಕೈಗೆ ಕೊಟ್ಟಳು.

"ಸರ್, ನಿಮ್ಮ ಪುಸ್ತಕದಾಗಿನ ಈ ಒಂದ ಪುಟ ಆಕೀ ಜೀವ ಆಗಿತ್ರಿ. ಆಕೀ ಮುಂದ ಓದ್ರಿ. ಕೇಳ್ಕೋತ ಹೋಗಲಿ."

ಸರ್‌ರ ಮುಖ ಅರಳಿತು. ತಮ್ಮ ಹಳೆಯ ಗೈಡನ್ನು ತಿರುಗಿಸಿ ನೋಡಿದರು, ಚಷ್ಮಾ ಏರಿಸಿದರು, ತರಗತಿಯ ದನಿಯಲ್ಲಿ ಓದತೊಡಗಿದರು.

"ಈ ಪುರುಷನು ಜನರ ನಡುವೆ ಮೌನವಾಗಿ ನಿಂತಿದ್ದಾನೆ. ಇವನು ಚಿಕ್ಕ ಹುಡುಗನಂತೆ. ಪಕ್ಕದವನ ಪಾಟಿಯನ್ನು ಒಡೆದು, ಅವನು ಅಳುತ್ತಿರುವಾಗ ತಾನು ಉಪ್ಪಿಟ್ಟು ತಿನ್ನುತ್ತ ಕುಳಿತಿರುತ್ತಾನೆ. ತುತ್ತು ಒಳಗೆ ಇಳಿಯುವುದಿಲ್ಲ. ಗಲ್ಲದಲ್ಲಿ ಇಟ್ಟುಕೊಂಡಿರುತ್ತಾನೆ. ಇಂಥವನನ್ನು ಏನೂ ಕೇಳಬಾರದು. ಗಲ್ಲ ತೋರಿಸು ಎನ್ನಬೇಕು."

"ಯವ್ವಾ!" ಎಂದಳು ಬಾಯವ್ವ. "ಇದು ಟೀಚರಬಾಯಿ ಮಾತು!"

"ನನ್ನ ಮಗಗೂ ಹಂಗ ಅಂತಿದ್ಳು," ಎಂದಳು ಇನ್ನೊಬ್ಬಳು. "ಗಲ್ಲ ತೋರಸು, ಗಲ್ಲ ತೋರಸು ಅಂತ."

"ಅಮೆರಿಕಾದಾಗೂ ಉಪ್ಪಿಟ್ಟ ಮಾಡತಾರೇನ್ರಿ ಸರ್?" ಎಂದು ಹಿಂದಿನಿಂದ ಯಾರೋ ಕೇಳಿದರು. ಒಂದಿಬ್ಬರು ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಸುಮ್ಮನಾದರು.

ಸರ್ ಪುಸ್ತಕದಿಂದ ಕಣ್ಣು ಎತ್ತಿರಲಿಲ್ಲ. ಬೆರಳು ಆ ಸಾಲಿನ ಮೇಲೇ ಇತ್ತು. ಈಗ ಅವರಿಗೆ ನೆನಪಾಯಿತು. ಅದು ನೆನಪಾದದ್ದನ್ನು ಫಿರದೋಸ್ ಕಣ್ಣಾರೆ ಕಂಡಳು. ಹತ್ತು ವರ್ಷ ಕಾಯ್ದದ್ದು ಇದಕ್ಕೇ ಎಂದು ಅವಳಿಗೆ ಅನ್ನಿಸಿತು.

"ಈ ಮಾತು ನಿಮಗ ಎಲ್ಲಿ ಸಿಕ್ಕಿತ್ರಿ ಸರ್?"

"ಭಾಳ ವರ್ಷ ಆತವ್ವ. ಕ್ಲಾಸಿನ ಚರ್ಚಾದಾಗ ಯಾರರೆ ಅಂದಿರಬಹುದು..."

"ಚರ್ಚಾ ಅಲ್ರಿ. ವಹಿ. ಆಕೀ ವಹಿ ನೀವು ಮನಿಗೆ ಒಯ್ದ್ರಿ, ಕಳೀತು ಅಂದ್ರಿ. ಅದನ್ನ ಆಕಿ ಮತ್ತ ಬರದ್ರ ಕಾಪಿ ಅಂದ್ರು. ಆವಾಗ ಬಾಜೂ ಕುರ್ಚಿಮ್ಯಾಲೆ ನೀವ ಇದ್ರಿ. ಯಾಂವ ಯಾರದು ಕಾಪಿ ಹೊಡದಾಂವ, ಹೇಳ್ರಿ. ಇಲ್ಲೆ ಕುಂತಾಳ ನೋಡ್ರಿ, ಆಕೀಗೇ ಹೇಳ್ರಿ."

ತಾಳದವರು ತಾಳ ಕೆಳಗಿಟ್ಟರು. ಅಯ್ಯನವರು, "ಹೊತ್ತಾತು, ಉಪ್ಪ ಸುರೀರಿ," ಎಂದರು.

"ನಿಂದರ್ರಿ ಅಯ್ಯಾರ," ಎಂದ ಶಂಕ್ರೆಪ್ಪ ಕುಣಿಯೊಳಗಿಂದ. ಅವನ ತಲೆ ಮಾತ್ರ ಮೇಲೆ ಕಾಣುತ್ತಿತ್ತು. "ಸರ್ ಹೇಳಲಿ."

ಸರ್ ಚಷ್ಮಾ ತೆಗೆದು ಜೇಬಿಗೆ ಹಾಕಿಕೊಂಡು ತುಟಿ ಬಿಗಿದು ನಿಂತರು. ಕೆಂಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು ನಿಂತರು.

"ಸರ, ಗಲ್ಲ ತೋರಸ್ರಿ."

ಯಾರೂ ನಗಲಿಲ್ಲ. ಬಸಲಿಂಗಪ್ಪ ಸರ್‌ರ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಆಕೀದ," ಎಂದರು.

"ಗಟ್ಟ್ಯಾಗಿ ಹೇಳ್ರಿ. ಕುಣ್ಯಾಗಿನ ನಮ್ಮ ಅಳಿಯಗ ಕೇಳಿಲ್ಲ."

"ಆಕೀ ಮಾತ ಅದಾವು. ಎಲ್ಲಾ ಆಕೀದ."

ಶಂಕ್ರೆಪ್ಪ ಮೇಲೆ ನೋಡುವುದನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ. ಈಗ ಅವನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಗೂಡಿನಲ್ಲಿ ಕುಳಿತವಳಿಗೆ ಮಾತ್ರ ಕಾಣುತ್ತಿತ್ತು.

"ಆಕೀದಾದ್ರ ಆಕೀಗೆ ಕೊಡ್ರಿ," ಎಂದರು ಕೆಂಪವ್ವ. ಸರ್ ಪುಸ್ತಕವನ್ನು ಮುಂದೆ ಚಾಚಿದರು. ಕೆಂಪವ್ವನಿಗೆ ಓದಲು ಬರುವುದಿಲ್ಲ, ಆದರೆ ರಟ್ಟಿನ ಮೇಲಿನ ಫೋಟೋ ಯಾರದೆಂದು ತಿಳಿಯಿತು. "ಇದನ್ನ ಹರದ ತಗೀರಿ. ನಿಮ್ಮ ಮಾರಿ ಆಕೀ ಕೂಡ ಯಾಕ?"

ಸರ್ ಹರಿದರು. ಹಳೆಯ ರಟ್ಟು, ಮೂರು ಸಲ ಎಳೆಯಬೇಕಾಯಿತು. ಅಷ್ಟು ಮಂದಿಯ ಮುಂದೆ ಮೊಣಕಾಲೂರಿ, ಬೋಳು ಪುಸ್ತಕವನ್ನು ಕುಣಿಯೊಳಗೆ ಬಾಗಿ ಕೊಟ್ಟರು. ಬಾಗಿದಾಗ ಅವರ ತುಟಿ ಅಲುಗಿತು. ಸೋಮವ್ವ ಕುಳಿತ ಕಡೆ ಮುಖ ಮಾಡಿ, ಉಸಿರಿನಲ್ಲೇ ಏನೋ ಹೇಳಿದರು. ಶಂಕ್ರೆಪ್ಪ ಪುಸ್ತಕವನ್ನು ಅವಳ ಮಡಿಲಿನಲ್ಲಿ ಇಟ್ಟ. ಉಪ್ಪು ಬಿತ್ತು, ಈಬತ್ತಿ ಬಿತ್ತು, ಮಣ್ಣು ಬಿತ್ತು.

ಸಂಜೆ ಫಿರದೋಸ್ ಬಸ್ ಸ್ಟ್ಯಾಂಡಿನ ಮುಂದೆ ಹಾಯ್ದು ಮನೆಗೆ ಹೊರಟಿದ್ದಳು. ಖುಷಿ ಆಗುತ್ತದೆ ಎಂದುಕೊಂಡಿದ್ದಳು. ಆಗಿತ್ತು ಕೂಡ, ಹೊಲಿಗೆ ಬಿಚ್ಚಿ ಮತ್ತೆ ಸರಿಯಾಗಿ ಹಾಕಿದಾಗ ಆಗುವಂಥದ್ದು. ಆದರೆ ಅದರ ಬೆನ್ನಿಗೇ ಒಂದು ಮಾತು ಬಂತು. "ನಾ ಇರೂತನಕ" ಎಂದಿದ್ದಳು ಸೋಮವ್ವ. ತಾನು ಹೋದ ಮೇಲೆ ಹೇಳು ಎಂದೋ, ಎಂದೂ ಹೇಳಬೇಡ ಎಂದೋ, ಅದನ್ನು ಕೇಳಿಕೊಳ್ಳುವುದು ಉಳಿದೇಹೋಯಿತು. ಕುಣಿಯ ಅಂಚಿನಲ್ಲಿ ಸರ್ ಹೇಳಿದ್ದೇನೆಂದು ಶಂಕ್ರೆಪ್ಪನನ್ನು ಕೇಳಿದ್ದಳು. ಅವನಿಗೂ ಕೇಳಿಸಿರಲಿಲ್ಲ.

ಕಿತ್ತೂರಿನ ಬಸ್ಸು ಹೊರಡಲು ನಿಂತಿತ್ತು. ಕಿಟಕಿಯ ಪಕ್ಕ ಬಸಲಿಂಗಪ್ಪ ಸರ್ ಕುಳಿತಿದ್ದರು. ಹರಿದ ರಟ್ಟು ಸುರುಳಿಯಾಗಿ ಮುಷ್ಟಿಯಲ್ಲಿತ್ತು. ಅಂಗಿಯ ತೋಳಿಗೆ ಉಪ್ಪಿನ ಹರಳು ಅಂಟಿದ್ದವು. ಅವರು ಇವಳನ್ನು ನೋಡಿದರು, ಮುಖ ತಿರುಗಿಸಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಬಲಗಲ್ಲ ಉಬ್ಬಿತ್ತು. ಅದರಲ್ಲಿ ಇದ್ದದ್ದು ಎಲಿ ಅಡಿಕಿಯೋ ಮತ್ತೇನೋ, ಫಿರದೋಸಳಿಗೆ ಇಂದಿಗೂ ಗೊತ್ತಿಲ್ಲ.